ಬಂದರಿನ ಪೈಲಟ್ ಆಗುವುದು ಹೇಗೆ: ಪ್ಲಸ್ ಟುವಿನಿಂದ ಹಗ್ಗದ ಏಣಿಯವರೆಗೆ

ಪಣಂಬೂರಿನ ಕಡಲ ಕಿನಾರೆಯಿಂದ ನೋಡಿದರೆ ದೂರದಲ್ಲಿ ಲಂಗರು ಹಾಕಿ ಸರದಿ ಕಾಯುವ ಹಡಗುಗಳು ಕಾಣುತ್ತವೆ. ಅವುಗಳ ಕ್ಯಾಪ್ಟನ್‌ಗಳು ಸಾವಿರಾರು ಮೈಲಿ ಸಾಗಿ ಬಂದವರು. ಆದರೂ ನವಮಂಗಳೂರು ಬಂದರಿನ ಸುಮಾರು ಏಳೂವರೆ ಕಿಲೋಮೀಟರ್ ಉದ್ದದ ಚಾನೆಲ್ (ಹಡಗು ಸಾಗುವಷ್ಟು ಆಳವಿರುವ ನೀರಿನ ದಾರಿ) ದಾಟಿ ಧಕ್ಕೆಗೆ ಹಡಗು ತಾಗಿಸಬೇಕಾದರೆ, ಆ ನೀರನ್ನು ದಿನಾ ಕಂಡವನೊಬ್ಬ ಹಡಗು ಹತ್ತಲೇಬೇಕು. ಅವನೇ ಪೈಲಟ್. ಎಲ್ಲಿ ಆಳವಿದೆ, ಎಲ್ಲಿ ಹೂಳು ತುಂಬಿದೆ, ಯಾವ ಗಾಳಿಗೆ ಹಡಗು ಯಾವ ಕಡೆ ವಾಲುತ್ತದೆ, ಟಗ್ ಬೋಟ್‌ಗೆ ಯಾವಾಗ ಎಳೆಯಲು ಹೇಳಬೇಕು ಎಂಬುದೆಲ್ಲ ಅವನ ವಿದ್ಯೆ. 1908ರ ಭಾರತೀಯ ಬಂದರು ಕಾಯ್ದೆಯ 31ನೇ ಸೆಕ್ಷನ್ 200 ಟನ್ ಅಥವಾ ಅದಕ್ಕಿಂತ ದೊಡ್ಡ ಹಡಗುಗಳಿಗೆ ಇದನ್ನು ಕಡ್ಡಾಯ ಮಾಡಿತ್ತು. 2025ರಲ್ಲಿ ಆ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆ ಬಂತು. ಪೈಲಟ್ ಬೇಕು ಎಂಬುದು ಮಾತ್ರ ಹಾಗೆಯೇ ಉಳಿದಿದೆ.

ನಮ್ಮ ಕಾಸರಗೋಡಿನಲ್ಲಿ ಉದುಮ, ಪಾಲಕುನ್ನು, ಕೋಟಿಕುಳಂ ಕಡೆ ಹಡಗಿನ ಕೆಲಸ ಹೊಸದಲ್ಲ. ಅಲ್ಲಿ ಮರ್ಚಂಟ್ ನೇವಿ ಎಂದರೆ ಮನೆಮಾತು. ಆದರೆ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲದ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ದಾರಿಯನ್ನು ಹೇಳಿಕೊಡುವವರು ಕಡಿಮೆ. ಅವರಿಗಾಗಿ, ಅವರ ಅಪ್ಪ ಅಮ್ಮಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೇ ಒಂದು ಮಾತು. ಪ್ಲಸ್ ಟು ಮುಗಿಸಿ ನೇರವಾಗಿ "ಪೈಲಟ್ ಕೋರ್ಸ್‌"ಗೆ ಸೇರಿ ಬಂದರಿನ ಪೈಲಟ್ ಆಗುವ ದಾರಿ ನವಮಂಗಳೂರು, ಕೊಚ್ಚಿಯಂಥ ಬಂದರುಗಳಲ್ಲಿ ಇಲ್ಲ. ಮೊದಲು ಹಡಗಿನ ಅಧಿಕಾರಿಯಾಗಬೇಕು, ಆಮೇಲೆ ಕ್ಯಾಪ್ಟನ್ ಹುದ್ದೆಯ ಪರೀಕ್ಷೆ ಪಾಸಾಗಬೇಕು, ಅದಾದ ಮೇಲೆ ಬಂದರು ತರಬೇತಿ ಕೊಟ್ಟು ಲೈಸೆನ್ಸ್ ಕೊಡುತ್ತದೆ. ಎಲ್ಲೂ ತಡೆಯಿಲ್ಲದೆ ಸಾಗಿದರೂ ಹನ್ನೆರಡು ಹದಿಮೂರು ವರ್ಷ ಹಿಡಿಯುತ್ತದೆ. ಮೂವತ್ತರ ಆಸುಪಾಸಿಗೆ ಪೈಲಟ್ ಆದವನು ಬೇಗ ಆದ ಎಂದೇ ಲೆಕ್ಕ. ಇದನ್ನು ಒಪ್ಪಿಕೊಂಡವರು ಮಾತ್ರ ಮುಂದಕ್ಕೆ ಓದಿ.

ಹಂತ 1: ಮೊದಲು ಕಣ್ಣು ತೋರಿಸಿ

ಕಾಲೇಜು, ಫೀಸು, ಪ್ರವೇಶ ಪರೀಕ್ಷೆ ಎಲ್ಲ ಆಮೇಲೆ. ಮೊದಲು ಮಗುವನ್ನು ಕಣ್ಣಿನ ವೈದ್ಯರ ಬಳಿ ಕರೆದೊಯ್ದು ಬಣ್ಣಗುರುಡು ಇದೆಯೇ ಎಂದು ನೋಡಿಸಿ. ಬಣ್ಣದ ಚುಕ್ಕೆಗಳ ನಡುವೆ ಅಡಗಿದ ಅಂಕಿಯನ್ನು ಗುರುತಿಸುವ ಇಶಿಹಾರಾ ಪರೀಕ್ಷೆ ಐದು ನಿಮಿಷದ ಕೆಲಸ. ರಾತ್ರಿ ಕಡಲಿನಲ್ಲಿ ಎದುರಿನ ಹಡಗಿನ ಎಡಮಗ್ಗುಲಿಗೆ ಕೆಂಪು ದೀಪ, ಬಲಮಗ್ಗುಲಿಗೆ ಹಸಿರು ದೀಪ. ಎರಡರ ವ್ಯತ್ಯಾಸ ತಿಳಿಯದವನಿಗೆ ಆ ಹಡಗು ತನ್ನ ಕಡೆ ಬರುತ್ತಿದೆಯೋ ದೂರ ಹೋಗುತ್ತಿದೆಯೋ ಗೊತ್ತಾಗದು. ಹಾಗಾಗಿ ಹಡಗು ನಡೆಸುವವರ ಡೆಕ್ ವಿಭಾಗದಲ್ಲಿ ಬಣ್ಣಗುರುಡಿಗೆ ಯಾವ ರಿಯಾಯಿತಿಯೂ ಇಲ್ಲ. ದೂರದೃಷ್ಟಿಯ ನಿಯಮವೂ ಎಂಜಿನ್ ವಿಭಾಗಕ್ಕಿಂತ ಬಿಗಿ. ಕೊನೆಗೆ ಲೆಕ್ಕಕ್ಕೆ ಬರುವುದು ಡಿಜಿ ಶಿಪ್ಪಿಂಗ್ (ಹಡಗು ಯಾನ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಇಲಾಖೆ) ಮಾನ್ಯತೆ ಪಡೆದ ವೈದ್ಯರ ಸರ್ಟಿಫಿಕೇಟ್ ಮಾತ್ರ. ಸಾಲ ಮಾಡಿ ಫೀಸು ಕಟ್ಟಿದ ಮೇಲೆ ಕಣ್ಣಿನ ದೋಷ ತಿಳಿದು ಮನೆಗೆ ಮರಳಿದ ಹುಡುಗರನ್ನು ನೋಡಿದ್ದೇನೆ. ಆ ಸಂಕಟ ಯಾರಿಗೂ ಬೇಡ.

ಹಂತ 2: ಪ್ಲಸ್ ಟುವಿನಲ್ಲಿ ಗಣಿತ ಬಿಡಬೇಡಿ

ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ ಮೂರೂ ಇರಬೇಕು. ಮೂರರಲ್ಲಿ ಸರಾಸರಿ ಶೇ. 60 ಅಂಕ, ಹತ್ತನೇ ಅಥವಾ ಹನ್ನೆರಡನೇ ತರಗತಿಯ ಇಂಗ್ಲಿಷ್‌ನಲ್ಲಿ ಶೇ. 50 ಅಂಕ ಕೇಳುತ್ತಾರೆ. ಕೇರಳ ಹೈಯರ್ ಸೆಕೆಂಡರಿಯಲ್ಲಿ ಬಯಾಲಜಿ ಜೊತೆ ಗಣಿತ ಇರುವ ಕಾಂಬಿನೇಷನ್ ಆದರೂ ಸರಿ, ಕಂಪ್ಯೂಟರ್ ಸೈನ್ಸ್ ಇರುವುದಾದರೂ ಸರಿ. ಗಣಿತವೇ ಇಲ್ಲದ ಸಯನ್ಸ್ ಕಾಂಬಿನೇಷನ್ ಕೂಡ ಇದೆ. ಪ್ಲಸ್ ಒನ್ ಪ್ರವೇಶದ ಏಕಜಾಲಕದಲ್ಲಿ ಆಯ್ಕೆ ತುಂಬುವಾಗ ಅದನ್ನು ಹಾಕಿದರೆ ಈ ದಾರಿ ಅಲ್ಲಿಗೇ ಮುಚ್ಚಿತು.

ಆಮೇಲೆ ಇಂಡಿಯನ್ ಮಾರಿಟೈಮ್ ಯೂನಿವರ್ಸಿಟಿಯ ಪ್ರವೇಶ ಪರೀಕ್ಷೆ, ಎಲ್ಲರೂ ಕರೆಯುವಂತೆ ಐಎಂಯು ಸಿಇಟಿ. 2008ರಲ್ಲಿ ಆರಂಭವಾದ ಈ ಕೇಂದ್ರೀಯ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಚೆನ್ನೈಯಲ್ಲಿದೆ. ನಮಗೆ ಹತ್ತಿರದ ಕ್ಯಾಂಪಸ್ ಕೊಚ್ಚಿಯದು. ಪರೀಕ್ಷೆಯಲ್ಲಿ 200 ಪ್ರಶ್ನೆ, ಮೂರು ಗಂಟೆ. ಮೂರು ವಿಜ್ಞಾನ ವಿಷಯಗಳ ಜೊತೆ ಇಂಗ್ಲಿಷ್, ಸಾಮಾನ್ಯ ಜ್ಞಾನ, ಆಪ್ಟಿಟ್ಯೂಡ್ ಇರುತ್ತವೆ. ವಯಸ್ಸು ಸಾಮಾನ್ಯವಾಗಿ 17ರಿಂದ 25ರೊಳಗೆ. ಹೆಣ್ಣುಮಕ್ಕಳಿಗೂ ಮೀಸಲಾತಿಯವರಿಗೂ ಇರುವ ಸಡಿಲಿಕೆಯನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳಿ. ಅರ್ಜಿಯನ್ನು ಅಕ್ಷಯ ಕೇಂದ್ರದಲ್ಲಿ ಹಾಕಿಸುವುದಾದರೆ ಪಕ್ಕದಲ್ಲೇ ಕೂತು ಹೆಸರಿನ ಒಂದೊಂದು ಅಕ್ಷರ ನೋಡಿ. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿರುವ ಹೆಸರು, ಇನಿಶಿಯಲ್, ಹುಟ್ಟಿದ ದಿನ ಹೇಗಿದೆಯೋ ಪಾಸ್‌ಪೋರ್ಟಿನಲ್ಲೂ ಹಾಗೆಯೇ ಇರಬೇಕು. ನಮ್ಮ ಕಡೆ ಮನೆತನದ ಹೆಸರು ಒಂದು ದಾಖಲೆಯಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿರುವುದು ತೀರ ಸಾಮಾನ್ಯ. ಮುಂದೆ ನಾವಿಕನ ಗುರುತಿನ ಪುಸ್ತಕವಾದ ಸಿಡಿಸಿ ಮಾಡಿಸುವಾಗ ಅದೇ ದೊಡ್ಡ ತಲೆನೋವಾಗುತ್ತದೆ.

ಹಂತ 3: ಡಿಎನ್‌ಎಸ್ ಅಥವಾ ಬಿಎಸ್ಸಿ

ಇಲ್ಲಿ ಎರಡು ದಾರಿ. ಒಂದು ವರ್ಷದ ಡಿಪ್ಲೊಮಾ ಇನ್ ನಾಟಿಕಲ್ ಸೈನ್ಸ್, ಅಂದರೆ ಡಿಎನ್‌ಎಸ್. ಇಲ್ಲವೇ ಮೂರು ವರ್ಷದ ಬಿಎಸ್ಸಿ ನಾಟಿಕಲ್ ಸೈನ್ಸ್. ಡಿಎನ್‌ಎಸ್ ಮಾಡಿದವರು 18 ತಿಂಗಳು ಕೆಡೆಟ್ (ಕಲಿಯುವ ಅಧಿಕಾರಿ) ಆಗಿ ಹಡಗಿನಲ್ಲಿ ದುಡಿಯಬೇಕು. ಬಿಎಸ್ಸಿಯವರಿಗೆ 12 ತಿಂಗಳು ಸಾಕು.

ಡಿಎನ್‌ಎಸ್‌ಗೆ ಸೇರುವ ಮೊದಲೇ ಒಂದು ಹಡಗು ಕಂಪನಿಯ ಸ್ಪಾನ್ಸರ್‌ಶಿಪ್ ಪತ್ರ ಬೇಕು. ಅಂದರೆ ಓದು ಮುಗಿದ ಮೇಲೆ ಕೆಡೆಟ್ ಆಗಿ ತೆಗೆದುಕೊಳ್ಳುತ್ತೇವೆ ಎಂಬ ಭರವಸೆ. ಶಿಪ್ಪಿಂಗ್ ಕಾರ್ಪೊರೇಷನ್ ಆಫ್ ಇಂಡಿಯಾದಂಥ ಸರ್ಕಾರಿ ಕಂಪನಿಯೂ ಖಾಸಗಿ ಕಂಪನಿಗಳೂ ತಮ್ಮದೇ ಪರೀಕ್ಷೆ, ಸಂದರ್ಶನ ಮಾಡಿ ಆರಿಸುತ್ತವೆ. ನನ್ನ ಅಭಿಪ್ರಾಯ ಕೇಳಿದರೆ, ಒಳ್ಳೆಯ ಕಂಪನಿಯ ಸ್ಪಾನ್ಸರ್‌ಶಿಪ್ ಸಿಕ್ಕರೆ ಡಿಎನ್‌ಎಸ್ ಉತ್ತಮ. ಖರ್ಚು ಕಡಿಮೆ, ದುಡಿಮೆ ಬೇಗ. ಸಿಗದಿದ್ದರೆ ಸಿಕ್ಕ ಕಾಲೇಜಿಗೆ ಸೇರಿಬಿಡುವುದಕ್ಕಿಂತ ಇನ್ನೊಂದು ವರ್ಷ ಪ್ರಯತ್ನಿಸುವುದು ಲೇಸು.

ದಲ್ಲಾಳಿಗಳ ವಿಷಯ ಇಲ್ಲೇ ಹೇಳಬೇಕು. ಕೆಡೆಟ್ ಕೆಲಸ ಕೊಡಿಸುತ್ತೇನೆ ಎಂದು ಲಕ್ಷಗಟ್ಟಲೆ ಕೇಳುವವರು ಮಂಗಳೂರಿನಲ್ಲೂ ಇದ್ದಾರೆ, ಕಣ್ಣೂರಿನಲ್ಲೂ ಇದ್ದಾರೆ. ಹಡಗಿಗೆ ಜನ ಕಳಿಸುವ ಏಜೆನ್ಸಿಗೆ ಆರ್‌ಪಿಎಸ್‌ಎಲ್ ಎಂಬ ಲೈಸೆನ್ಸ್ ಇರಬೇಕು. 2016ರ ನಿಯಮಗಳ ಪ್ರಕಾರ ಲೈಸೆನ್ಸ್ ಇದ್ದವರೂ ಕೆಲಸ ಕೊಡಿಸಿದ್ದಕ್ಕೆಂದು ನಾವಿಕನಿಂದ ದುಡ್ಡು ಕೇಳುವಂತಿಲ್ಲ. ಏಜೆನ್ಸಿಯ ಲೈಸೆನ್ಸ್ ನಂಬರ್ ಮತ್ತು ಕಾಲೇಜಿನ ಮಾನ್ಯತೆ ಎರಡೂ ಡಿಜಿ ಶಿಪ್ಪಿಂಗ್ ವೆಬ್‌ಸೈಟಿನಲ್ಲಿ ನೋಡಲು ಸಿಗುತ್ತವೆ. ಅಲ್ಲಿ ಹೆಸರಿಲ್ಲದಿದ್ದರೆ ಮಾತುಕತೆ ಅಲ್ಲಿಗೇ ನಿಲ್ಲಿಸಿ. ಬಂಗಾರ ಅಡವಿಟ್ಟು ಕೊಟ್ಟ ದುಡ್ಡು ಮರಳಿ ಬರುವುದಿಲ್ಲ.

ಹಂತ 4: ಕಡಲಿನ ವರ್ಷಗಳು

ಕೆಡೆಟ್ ಆಗಿ ಹೋಗುವ ಮೊದಲು ನಾವಿಕರ ನೋಂದಣಿಯ ಇಂಡೋಸ್ ನಂಬರ್, ಸಿಡಿಸಿ ಪುಸ್ತಕ, ಬೆಂಕಿ ಆರಿಸುವುದು, ನೀರಿನಲ್ಲಿ ಬದುಕುಳಿಯುವುದು, ಪ್ರಥಮ ಚಿಕಿತ್ಸೆ ಇತ್ಯಾದಿ ಕಿರು ಕೋರ್ಸ್‌ಗಳು ಆಗಬೇಕು. ಕೆಡೆಟ್‌ನ ದಿನಚರಿ ಎಂದರೆ ತುಕ್ಕು ಕೆರೆಯುವುದು, ಬಣ್ಣ ಬಳಿಯುವುದು, ಅಧಿಕಾರಿಯ ಜೊತೆ ಹಡಗು ನಡೆಸುವ ಕೋಣೆಯಾದ ಬ್ರಿಡ್ಜ್‌ನಲ್ಲಿ ನಿಂತು ಕಲಿಯುವುದು.

ಅದು ಮುಗಿದ ಮೇಲೆ ಮೆಟ್ಟಿಲುಗಳು ಮೂರು. ಸೆಕೆಂಡ್ ಮೇಟ್, ಚೀಫ್ ಮೇಟ್ (ಚೀಫ್ ಆಫೀಸರ್ ಎಂದರೂ ಇದೇ), ಮಾಸ್ಟರ್ ಅಂದರೆ ಕ್ಯಾಪ್ಟನ್. ಮೂರೂ "ಫಾರಿನ್ ಗೋಯಿಂಗ್" ಸರ್ಟಿಫಿಕೇಟ್ ಆಗಿರಲಿ. ಕರಾವಳಿ ಯಾನಕ್ಕೆ ಮಾತ್ರ ನಡೆಯುವ ಎನ್‌ಸಿವಿ ಸರ್ಟಿಫಿಕೇಟ್ ಬೇರೆ. ಪರೀಕ್ಷೆ ನಡೆಸುವುದು ಮುಂಬಯಿ, ಚೆನ್ನೈ, ಕೋಲ್ಕತ್ತ, ಕೊಚ್ಚಿ ಮೊದಲಾದ ಕಡೆ ಇರುವ ಮರ್ಕಂಟೈಲ್ ಮರೀನ್ ಡಿಪಾರ್ಟ್‌ಮೆಂಟ್. ಬರವಣಿಗೆಯ ಪರೀಕ್ಷೆಗಿಂತ ಹುಡುಗರು ಹೆದರುವುದು ಮೌಖಿಕಕ್ಕೆ. ಎದುರಿಗೆ ಕೂತ ಸರ್ವೇಯರ್ ಮೇಜಿನ ಮೇಲೆ ಪುಟ್ಟ ಹಡಗಿನ ಮಾದರಿಗಳನ್ನಿಟ್ಟು "ಈಗ ಏನು ಮಾಡುತ್ತೀರಿ?" ಎಂದು ಕೇಳಿದಾಗ, ಡಿಕ್ಕಿ ತಡೆಯುವ ಅಂತಾರಾಷ್ಟ್ರೀಯ ನಿಯಮಗಳು ನಾಲಿಗೆಯ ತುದಿಯಲ್ಲಿರಬೇಕು.

ಕಡಲಿನಲ್ಲಿ ಎಷ್ಟು ದಿನ ದುಡಿದಿರಬೇಕು ಎಂಬುದಕ್ಕೆ ಅಡಿಪಾಯ ನಾವಿಕರ ತರಬೇತಿ, ಅರ್ಹತೆ ಕುರಿತ 1978ರ ಅಂತಾರಾಷ್ಟ್ರೀಯ ಎಸ್‌ಟಿಸಿಡಬ್ಲ್ಯು ಒಪ್ಪಂದ. 3000 ಟನ್ನೇಜ್ ಮೀರಿದ ಹಡಗುಗಳ ಮಾಸ್ಟರ್ ಆಗಲು ಪಾಳಿಯಲ್ಲಿ ಹಡಗು ನೋಡಿಕೊಳ್ಳುವ ವಾಚ್ ಅಧಿಕಾರಿಯಾಗಿ 36 ತಿಂಗಳು ಬೇಕು ಎನ್ನುತ್ತದೆ ಅದು. ಅದರಲ್ಲಿ ಕನಿಷ್ಠ 12 ತಿಂಗಳು ಚೀಫ್ ಮೇಟ್ ಆಗಿ ದುಡಿದಿದ್ದರೆ 24 ಸಾಕು. ಭಾರತದ ನಿಯಮಗಳು ಇದರ ಮೇಲೆ ತಮ್ಮ ಷರತ್ತುಗಳನ್ನು ಸೇರಿಸುತ್ತವೆ. ರಜೆ, ಕೋರ್ಸ್, ಪರೀಕ್ಷೆ, ಮುಂದಿನ ಹಡಗಿಗಾಗಿ ಮನೆಯಲ್ಲಿ ಕಾಯುವುದು ಎಲ್ಲ ಸೇರಿದರೆ ಕ್ಯಾಲೆಂಡರ್ ಲೆಕ್ಕದಲ್ಲಿ ಇದರ ದುಪ್ಪಟ್ಟು ಹಿಡಿದೀತು.

ಇಂಗ್ಲಿಷ್ ಬಗ್ಗೆ ನಮ್ಮ ಮಕ್ಕಳಿಗೆ ಇರುವ ಅಂಜಿಕೆ ನನಗೆ ಗೊತ್ತು. ಹಡಗಿನ ಮಾತು ಸಾಹಿತ್ಯದ ಇಂಗ್ಲಿಷ್ ಅಲ್ಲ. ಫಿಲಿಪೀನ್ಸ್‌ನವನೂ ಉಕ್ರೇನಿನವನೂ ಒಂದೇ ಅರ್ಥ ಮಾಡಿಕೊಳ್ಳಲೆಂದು ಅಂತಾರಾಷ್ಟ್ರೀಯ ಕಡಲ ಸಂಸ್ಥೆ 2001ರಲ್ಲಿ ಗೊತ್ತುಮಾಡಿದ ಚಿಕ್ಕ ಚಿಕ್ಕ ವಾಕ್ಯಗಳಿವೆ. ಅವನ್ನು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿದರೆ ಕುಂಬಳೆಯ ಹುಡುಗನಿಗೂ ಕಷ್ಟವಿಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಮಾತಾಡಿ ಬೆಳೆದ ಮಕ್ಕಳಿಗೆ ಇನ್ನೊಂದು ಭಾಷೆ ಹತ್ತುವುದು ಬೇಗ.

ಹಂತ 5: ಬಂದರಿಗೆ ಅರ್ಜಿ

ಪ್ರಮುಖ ಬಂದರುಗಳು ಪೈಲಟ್ ಹುದ್ದೆಗೆ ಸಾಮಾನ್ಯವಾಗಿ ಕೇಳುವುದು ಮಾಸ್ಟರ್ ಫಾರಿನ್ ಗೋಯಿಂಗ್ ಸರ್ಟಿಫಿಕೇಟ್ ಮತ್ತು ಅದಾದ ಮೇಲೆ ಮಾಸ್ಟರ್ ಅಥವಾ ಚೀಫ್ ಆಫೀಸರ್ ಆಗಿ ದುಡಿದ ಅನುಭವ. ಕಾಯಂ ಹುದ್ದೆ ಕಡಿಮೆಯಾಗಿ ಕಾಂಟ್ರಾಕ್ಟ್ ಮೇಲೆ ತೆಗೆದುಕೊಳ್ಳುವುದು ಹೆಚ್ಚುತ್ತಿದೆ. ಪ್ರಕಟಣೆಗಳು ಆಯಾ ಬಂದರು ಪ್ರಾಧಿಕಾರದ ವೆಬ್‌ಸೈಟಿನಲ್ಲೇ ಬರುತ್ತವೆ. ಕಾಸರಗೋಡಿನಿಂದ ಸುಮಾರು 60 ಕಿ.ಮೀ. ದೂರದ ನವಮಂಗಳೂರು 1974ರಲ್ಲಿ ದೇಶದ ಒಂಬತ್ತನೇ ಪ್ರಮುಖ ಬಂದರು ಎಂದು ಘೋಷಣೆಯಾಯಿತು. ಕಚ್ಚಾ ತೈಲ, ಅಡುಗೆ ಅನಿಲ, ಕಲ್ಲಿದ್ದಲು, ಕಂಟೇನರ್, ಪ್ರವಾಸಿ ಹಡಗು ಎಲ್ಲವೂ ಬರುವ ಕಾರಣ ಕಲಿಯಲು ಒಳ್ಳೆಯ ಜಾಗ. ಕೇರಳದೊಳಗೆ ಕೊಚ್ಚಿ ಮತ್ತು 2025ರ ಮೇ 2ರಂದು ಉದ್ಘಾಟನೆಯಾದ ವಿಳಿಂಞಂ ಇವೆ. ಮಂಜೇಶ್ವರ, ಕಾಸರಗೋಡು, ನೀಲೇಶ್ವರಗಳೂ ಸರ್ಕಾರದ ಪಟ್ಟಿಯಲ್ಲಿ ಬಂದರುಗಳೇ, ಆದರೆ ಅಲ್ಲಿಗೆ ದೊಡ್ಡ ಹಡಗು ಬರುವುದಿಲ್ಲ.

ಕೋಲ್ಕತ್ತದ ಕತೆ ಬೇರೆ. ಹೂಗ್ಲಿ ನದಿಯಲ್ಲಿ ಮರಳ ದಿಬ್ಬಗಳು ಸ್ಥಳ ಬದಲಿಸುತ್ತಲೇ ಇರುತ್ತವೆ. ಪೈಲಟ್ ಹಡಗನ್ನು ನಡೆಸಬೇಕಾದ ದೂರ 200 ಕಿ.ಮೀ.ಗೂ ಹೆಚ್ಚು. ಆ ನದಿ ಕಲಿಯಲು ವರ್ಷಗಳೇ ಬೇಕಾದ್ದರಿಂದ ಅಲ್ಲಿ ಎಳೆಯರನ್ನೇ ಟ್ರೈನಿಯಾಗಿ ಸೇರಿಸಿಕೊಂಡು ಮೆಟ್ಟಿಲು ಮೆಟ್ಟಿಲಾಗಿ ಬೆಳೆಸುವ ಪದ್ಧತಿ ಇದೆ. ಚೆನ್ನೈಯ ರೇಷ್ಮಾ ನಿಲೋಫರ್ 2011ರಲ್ಲಿ ಹಾಗೆ ಸೇರಿ, 2018ರಲ್ಲಿ ಅರ್ಹತೆ ಪಡೆದು ದೇಶದ ಮೊದಲ ಮಹಿಳಾ ನದಿ ಪೈಲಟ್ ಆದರು. ಅವರಿಗೆ ರಾಷ್ಟ್ರಪತಿಗಳಿಂದ ನಾರೀಶಕ್ತಿ ಪುರಸ್ಕಾರವೂ ಬಂತು. ಮಗಳು ಈ ದಾರಿ ಕೇಳಿದರೆ ಬೇಡ ಎನ್ನುವ ಮೊದಲು ಇದು ನೆನಪಿರಲಿ.

ಹಂತ 6: ಬಂದರಿನೊಳಗಿನ ಪಾಠ

ಮಾಸ್ಟರ್ ಸರ್ಟಿಫಿಕೇಟ್ ಕೈಯಲ್ಲಿದ್ದರೂ ಬಂದರಿನಲ್ಲಿ ಮತ್ತೆ ಒಂದನೇ ತರಗತಿ. ಮೊದಲು ಹಿರಿಯ ಪೈಲಟ್ ಜೊತೆ ಹಡಗು ಹತ್ತಿ ಸುಮ್ಮನೆ ನೋಡಬೇಕು. ಹಗಲು, ರಾತ್ರಿ, ಮಳೆ, ಒಳಬರುವ ಹಡಗು, ಹೊರಹೋಗುವ ಹಡಗು, ಧಕ್ಕೆಯಿಂದ ಧಕ್ಕೆಗೆ ಸರಿಸುವ ಹಡಗು. ಆಮೇಲೆ ಹಿರಿಯರ ಕಣ್ಣೆದುರಿಗೆ ತಾನೇ ನಡೆಸಬೇಕು. ಎಷ್ಟು ಹಡಗು, ಎಷ್ಟು ತಿಂಗಳು ಎಂಬುದನ್ನು ಆಯಾ ಬಂದರಿನ ಪೈಲಟ್ ನಿಯಮಾವಳಿ ಹೇಳುತ್ತದೆ. ಇಂಥ ತರಬೇತಿಯಲ್ಲಿ ಏನೇನು ಇರಬೇಕು ಎಂಬುದಕ್ಕೆ ಜಗತ್ತಿಗೆಲ್ಲ ಮಾದರಿಯಾಗಿರುವುದು ಅಂತಾರಾಷ್ಟ್ರೀಯ ಕಡಲ ಸಂಸ್ಥೆಯ 2003ರ ಎ.960 ನಿರ್ಣಯ.

ಕಲಿಯಬೇಕಾದ್ದರಲ್ಲಿ ಒಂದನ್ನು ಹತ್ತಿರದಿಂದ ನೋಡೋಣ. ಆಳ ಕಡಿಮೆ ಇರುವಲ್ಲಿ ಹಡಗು ವೇಗವಾಗಿ ಹೋದಷ್ಟೂ ನೀರಿನಲ್ಲಿ ಕೆಳಗೆ ಕುಸಿಯುತ್ತದೆ. ಇದಕ್ಕೆ ಸ್ಕ್ವಾಟ್ ಎನ್ನುತ್ತಾರೆ. ಅಂದಾಜಿನ ಸೂತ್ರ ಸರಳ: ಹಡಗಿನ ಬ್ಲಾಕ್ ಕೋಎಫಿಷಿಯೆಂಟನ್ನು (ನೀರೊಳಗಿನ ಭಾಗ ಎಷ್ಟು ಪೆಟ್ಟಿಗೆಯಾಕಾರ ಎಂದು ಹೇಳುವ ಅಂಕಿ) ಗಂಟೆಗೆ ಇಷ್ಟು ಕಡಲ ಮೈಲಿ ಎಂಬ ಲೆಕ್ಕದ ನಾಟ್‌ನಲ್ಲಿ ಹೇಳಿದ ವೇಗದ ವರ್ಗದಿಂದ ಗುಣಿಸಿ 100ರಿಂದ ಭಾಗಿಸಿದರೆ ಕುಸಿತ ಮೀಟರ್‌ನಲ್ಲಿ ಸಿಗುತ್ತದೆ. ಇಕ್ಕಟ್ಟಾದ ಚಾನೆಲ್‌ನಲ್ಲಿ ಅದರ ಎರಡರಷ್ಟು. ಕಲ್ಲಿದ್ದಲು ತುಂಬಿದ ಹಡಗಿನ ಕೋಎಫಿಷಿಯೆಂಟ್ 0.8 ಎಂದಿಟ್ಟುಕೊಳ್ಳಿ. ಚಾನೆಲ್ ಆಳ 15 ಮೀಟರ್, ಉಬ್ಬರದ ನೀರು 1 ಮೀಟರ್, ಹಡಗಿನ ಡ್ರಾಫ್ಟ್ (ನೀರಿನಲ್ಲಿ ಮುಳುಗಿರುವ ಆಳ) 14 ಮೀಟರ್ ಆದರೆ ಅಡಿಯಲ್ಲಿ ಉಳಿಯುವುದು 2 ಮೀಟರ್ ನೀರು. 8 ನಾಟ್ ವೇಗದಲ್ಲಿ ಇಕ್ಕಟ್ಟಿನ ಲೆಕ್ಕದ ಕುಸಿತ ಸುಮಾರು 1 ಮೀಟರ್. ಉಳಿದದ್ದರಲ್ಲಿ ಅರ್ಧ ಅಲ್ಲೇ ಹೋಯಿತು. ಆಷಾಢದ ಅಲೆಗೆ ಹಡಗು ಏರಿಳಿದರೆ ಇನ್ನಷ್ಟು ಹೋಗುತ್ತದೆ. 4 ನಾಟ್‌ಗೆ ಇಳಿಸಿದರೆ ಕುಸಿತ ಕಾಲು ಮೀಟರ್ ಮಾತ್ರ. ಹಾಗಿದ್ದರೆ ನಿಧಾನವೇ ಒಳ್ಳೆಯದಲ್ಲವೇ? ಅಲ್ಲ. ನಿಧಾನವಾದರೆ ಚುಕ್ಕಾಣಿಗೆ ಹಿಡಿತ ತಪ್ಪುತ್ತದೆ, ಅಡ್ಡ ಗಾಳಿ, ಅಡ್ಡ ಸೆಳೆತ ಹಡಗನ್ನು ಚಾನೆಲ್ ಅಂಚಿಗೆ ನೂಕುತ್ತವೆ. ಈ ಎರಡರ ನಡುವೆ ಆ ದಿನಕ್ಕೆ, ಆ ಹಡಗಿಗೆ ಹೊಂದುವ ವೇಗ ಹುಡುಕುವುದೇ ಪೈಲಟ್‌ನ ಕೆಲಸದ ತಿರುಳು. ಪುಸ್ತಕ ಸೂತ್ರವನ್ನು ಕೊಡುತ್ತದೆ, ಆ ಅಂದಾಜು ಬರುವುದು ಹಿರಿಯರ ಪಕ್ಕದಲ್ಲಿ ನಿಂತೇ.

ಇನ್ನೊಂದು ವಿಷಯ ಧಕ್ಕೆಗೆ ತಾಗಿಸುವಾಗಿನದು. ಬಲಕ್ಕೆ ತಿರುಗುವ ಸಾಮಾನ್ಯ ಪ್ರೊಪೆಲ್ಲರ್ ಇರುವ ಹಡಗಿಗೆ ಹಿಮ್ಮುಖ ಎಂಜಿನ್ ಕೊಟ್ಟರೆ ಹಿಂಭಾಗ ಎಡಕ್ಕೆ ಎಳೆಯುತ್ತದೆ, ಮೂತಿ ಬಲಕ್ಕೆ ಹೊರಳುತ್ತದೆ. ಇದನ್ನು ಮೊದಲೇ ಎಣಿಸಿ ಹಡಗನ್ನು ಓರೆಯಾಗಿ ತಂದರೆ, ನಿಲ್ಲಿಸುವ ಹೊತ್ತಿಗೆ ಅದು ತಾನಾಗಿ ಧಕ್ಕೆಗೆ ಸಮವಾಗುತ್ತದೆ. ಎಣಿಸದಿದ್ದರೆ ಟಗ್‌ಗಳು ಒದ್ದಾಡಬೇಕು. ದೊಡ್ಡ ಟ್ಯಾಂಕರ್ ಧಕ್ಕೆಯ ಮೆತ್ತೆಯಾದ ಫೆಂಡರ್‌ಗೆ ತಾಗುವ ವೇಗ ಸೆಕೆಂಡಿಗೆ ಹತ್ತು ಹದಿನೈದು ಸೆಂಟಿಮೀಟರ್ ಮೀರಬಾರದು.

ಇವನ್ನೆಲ್ಲ ಸಿಮ್ಯುಲೇಟರ್‌ನಲ್ಲಿ ಅಭ್ಯಾಸ ಮಾಡಿಸುತ್ತಾರೆ. ಫ್ರಾನ್ಸಿನ ಪೋರ್ಟ್ ರೆವೆಲ್‌ನಲ್ಲಿ 1967ರಿಂದ ಒಂದು ಕೆರೆಯಲ್ಲಿ, ನಿಜ ಹಡಗಿನ 25ನೇ ಒಂದು ಅಳತೆಯ ಮಾದರಿಗಳಲ್ಲಿ ಪೈಲಟ್‌ಗಳನ್ನೇ ಕೂರಿಸಿ ಕಲಿಸುತ್ತಿದ್ದಾರೆ.

ಕೊನೆಗೆ ಪರೀಕ್ಷೆ. ಬಂದರಿನ ಡೆಪ್ಯುಟಿ ಕನ್ಸರ್ವೇಟರ್, ಹಾರ್ಬರ್ ಮಾಸ್ಟರ್ ಮುಂತಾದವರು ಕೂತು ಬಂದರಿನ ನಿಯಮ, ಬೋಯಾಗಳು, ದೀಪಗಳು, ಆಳ, ಸೆಳೆತ, ಲಂಗರು ತಾಣ, ಹಡಗು ತಿರುಗಿಸುವ ರೀತಿ ಎಲ್ಲ ಕೇಳುತ್ತಾರೆ. ಪಾಸಾದವರಿಗೆ ಮೊದಲು ಚಿಕ್ಕ ಹಡಗುಗಳು, ಅನುಭವ ಬಂದಂತೆ ದೊಡ್ಡವು. ಈ ಲೈಸೆನ್ಸ್ ಆ ಒಂದು ಬಂದರಿಗೆ ಮಾತ್ರ. ನವಮಂಗಳೂರಿನಲ್ಲಿ ಪಳಗಿದವರು ಕೊಚ್ಚಿಗೆ ಹೋದರೆ ಅಲ್ಲಿ ಮತ್ತೆ ಕಲಿಯಬೇಕು.

ಹಂತ 7: ಏಣಿ

ಪೈಲಟ್ ಕೆಲಸದಲ್ಲಿ ಜೀವ ಹೋಗುವ ಜಾಗ ಬ್ರಿಡ್ಜ್ ಅಲ್ಲ, ಏಣಿ. ಹಡಗು ನಿಂತಿರುವುದಿಲ್ಲ, ಮೆಲ್ಲಗೆ ಸಾಗುತ್ತಿರುತ್ತದೆ. ಗಾಳಿ, ಅಲೆ ಎರಡೂ ತಾಗದ ಮಗ್ಗುಲು ಮಾಡಿಕೊಡಲು ಹಡಗು ಸ್ವಲ್ಪ ತಿರುಗುತ್ತದೆ. ಪೈಲಟ್ ಬೋಟ್ ಪಕ್ಕಕ್ಕೆ ಬಂದು ಅಲೆಯ ಜೊತೆ ಏಳುತ್ತದೆ, ಬೀಳುತ್ತದೆ. ಬೋಟ್ ಅಲೆಯ ನೆತ್ತಿಗೆ ಬಂದ ಕ್ಷಣದಲ್ಲೇ ಏಣಿಗೆ ಹೆಜ್ಜೆ ಇಟ್ಟು ಎರಡು ಮೂರು ಮೆಟ್ಟಿಲು ಬೇಗ ಏರಿಬಿಡಬೇಕು. ತಡವಾದರೆ ಮುಂದಿನ ಅಲೆಗೆ ಎದ್ದ ಬೋಟ್ ಕಾಲಿಗೆ ಬಡಿಯುತ್ತದೆ.

ಏಣಿ ಹೇಗಿರಬೇಕು ಎಂಬುದನ್ನು ಕಡಲಿನಲ್ಲಿ ಜೀವರಕ್ಷಣೆಯ ಸೋಲಾಸ್ ಒಪ್ಪಂದದ 5ನೇ ಅಧ್ಯಾಯದ 23ನೇ ನಿಯಮ ಮತ್ತು ಅದರ ಜೊತೆಗಿರುವ ನಿರ್ಣಯಗಳು ಹೇಳುತ್ತವೆ. ಮೆಟ್ಟಿಲಿನಿಂದ ಮೆಟ್ಟಿಲಿಗೆ 31ರಿಂದ 35 ಸೆಂ.ಮೀ. ಏಣಿಯಲ್ಲಿ ಏರುವ ಎತ್ತರ 9 ಮೀಟರ್ ಮೀರುವುದಾದರೆ ಹಗ್ಗದ ಏಣಿಯ ಜೊತೆ ಹಡಗಿನ ಇಳಿಜಾರು ಮೆಟ್ಟಿಲನ್ನೂ ಜೋಡಿಸಬೇಕು. ಮೇಲೆ ಜವಾಬ್ದಾರಿಯ ಅಧಿಕಾರಿಯೊಬ್ಬ, ದೀಪವಿರುವ ಲೈಫ್‌ಬಾಯ್, ರಾತ್ರಿಯಾದರೆ ಬೆಳಕು ಇರಲೇಬೇಕು. ಹಗ್ಗ ಸವೆದಿದೆ, ಮೆಟ್ಟಿಲು ವಾಲಿದೆ ಎಂದು ಕಂಡರೆ ಹತ್ತಬೇಡಿ. ಕ್ಯಾಪ್ಟನ್ ಅವಸರ ಮಾಡಲಿ, ಏಜೆಂಟ್ ಫೋನ್ ಮಾಡಲಿ, ಸರಿಪಡಿಸಿದ ಮೇಲೆಯೇ ಹತ್ತುತ್ತೇನೆ ಎನ್ನುವ ಹಕ್ಕು ಪೈಲಟ್‌ಗೆ ಇದೆ. ಹೊಸಬರು ಸಂಕೋಚದಿಂದ ಅದನ್ನು ಬಳಸುವುದಿಲ್ಲ, ಅದೇ ನನಗೆ ಭಯ.

ಮೇಲೆ ಹತ್ತಿದ ಮೇಲೆ ಬಿಳಿ ಕೆಂಪು ಬಣ್ಣದ ಬಾವುಟ ಏರುತ್ತದೆ, ಪೈಲಟ್ ಹಡಗಿನಲ್ಲಿದ್ದಾನೆ ಎಂಬ ಗುರುತು. ಬ್ರಿಡ್ಜ್‌ಗೆ ಬಂದ ಕೂಡಲೇ ಕ್ಯಾಪ್ಟನ್ ಜೊತೆ ಮಾತಾಡಿಕೊಳ್ಳಬೇಕು: ಡ್ರಾಫ್ಟ್ ಎಷ್ಟು, ಎಂಜಿನ್ ಹೇಗಿದೆ, ಎಷ್ಟು ಟಗ್, ಯಾವ ಧಕ್ಕೆ, ಏನಾದರೂ ಕೆಟ್ಟಿದೆಯೇ. ಪೈಲಟ್ ಬಂದ ಮಾತ್ರಕ್ಕೆ ಕ್ಯಾಪ್ಟನ್‌ನ ಜವಾಬ್ದಾರಿ ಇಳಿಯುವುದಿಲ್ಲ. ಪನಾಮಾ ಕಾಲುವೆಯಲ್ಲಿ ಮಾತ್ರ ಹಡಗು ನಡೆಸುವ ಅಧಿಕಾರ ಪೂರ್ತಿ ಪೈಲಟ್ ಕೈಗೆ ಹೋಗುತ್ತದೆ.

ಈ ಮಾತುಕತೆ ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೆ 2007ರ ನವೆಂಬರ್ 7ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮಂಜಿನ ನಡುವೆ ಬೇ ಬ್ರಿಡ್ಜ್‌ಗೆ ತಾಗಿದ ಕಾಸ್ಕೊ ಬುಸಾನ್ ಹಡಗು ಸಾಕ್ಷಿ. ಹೊರಡುವ ಮೊದಲು ಪೈಲಟ್ ಮತ್ತು ಕ್ಯಾಪ್ಟನ್ ಸರಿಯಾಗಿ ಮಾತಾಡಿಕೊಂಡಿರಲಿಲ್ಲ. ಪೈಲಟ್ ತೆಗೆದುಕೊಳ್ಳುತ್ತಿದ್ದ ಮಾತ್ರೆಗಳಿಂದ ಅವರ ಗ್ರಹಿಕೆ ಕುಂದಿತ್ತು ಎಂದೂ ಅಮೆರಿಕದ ತನಿಖಾ ಮಂಡಳಿ ಹೇಳಿತು. ಹಾಗಾಗಿ ವೈದ್ಯಕೀಯ ತಪಾಸಣೆಯಲ್ಲಿ ಏನನ್ನೂ ಮುಚ್ಚಿಡಬಾರದು. ಬಿಪಿ, ಸಕ್ಕರೆ, ನಿದ್ದೆಯ ಮಾತ್ರೆ ಎಲ್ಲ ಹೇಳಿ.

ಕೆಟ್ಟ ಗಳಿಗೆಯಲ್ಲಿ ಪೈಲಟ್ ಏನು ಮಾಡಬಲ್ಲ ಎಂಬುದು 2024ರ ಮಾರ್ಚ್ 26ರಂದು ಬಾಲ್ಟಿಮೋರ್‌ನಲ್ಲಿ ಕಂಡಿತು. ಸುಮಾರು 300 ಮೀಟರ್ ಉದ್ದದ ಡಾಲಿ ಹಡಗು ಕರೆಂಟ್ ಹೋಗಿ ಸೇತುವೆಯ ಕಡೆ ಸಾಗುತ್ತಿತ್ತು. ಪೈಲಟ್ ಲಂಗರು ಬಿಡಲು ಹೇಳಿದರು, ಟಗ್ ಕರೆದರು, ಸೇತುವೆ ಮುಚ್ಚಿಸಲು ಸುದ್ದಿ ಮುಟ್ಟಿಸಿದರು. ಸೇತುವೆ ಬಿತ್ತು, ರಸ್ತೆ ಕೆಲಸದ ಆರು ಮಂದಿ ತೀರಿಕೊಂಡರು. ಆದರೆ ಪೊಲೀಸರು ವಾಹನಗಳನ್ನು ಎರಡೂ ತುದಿಯಲ್ಲಿ ತಡೆದದ್ದು ಆ ಸುದ್ದಿಯಿಂದಲೇ.

ಲೈಸೆನ್ಸ್ ಸಿಕ್ಕ ಮೇಲೆ

ಐದು ವರ್ಷಕ್ಕೆ ಮೀರದಂತೆ ಪೈಲಟ್‌ನ ಕೌಶಲ, ಆರೋಗ್ಯ ಎರಡನ್ನೂ ಮತ್ತೆ ನೋಡಬೇಕು ಎನ್ನುತ್ತದೆ ಎ.960. ಹಡಗಿನವರಂತೆ ತಿಂಗಳುಗಟ್ಟಲೆ ಹೊರಗಿರಬೇಕಾಗಿಲ್ಲ, ಬಂದರಿನ ಊರಿನಲ್ಲೇ ಸಂಸಾರ ಮಾಡಬಹುದು. ಎಷ್ಟೋ ಕ್ಯಾಪ್ಟನ್‌ಗಳು ಸಂಬಳ ಕಡಿಮೆಯಾದರೂ ಪೈಲಟ್ ಆಗಿ ಬರುವುದು ಇದೇ ಕಾರಣಕ್ಕೆ. ಆದರೆ ಪಾಳಿಗೆ ಹಗಲು ರಾತ್ರಿ ಎಂಬುದಿಲ್ಲ. ಮಗುವಿನ ಹುಟ್ಟುಹಬ್ಬವಿರಲಿ, ಭೂತಕೋಲವಿರಲಿ, ಕರೆ ಬಂದರೆ ಹೊರಡಬೇಕು. ಅನುಭವ ಬೆಳೆದಂತೆ ಡಾಕ್ ಮಾಸ್ಟರ್, ಹಾರ್ಬರ್ ಮಾಸ್ಟರ್, ಡೆಪ್ಯುಟಿ ಕನ್ಸರ್ವೇಟರ್ ಹುದ್ದೆಗಳ ಬಾಗಿಲು ತೆರೆಯುತ್ತದೆ. ಡೆಪ್ಯುಟಿ ಕನ್ಸರ್ವೇಟರ್ ಎಂದರೆ ಬಂದರಿನ ಇಡೀ ಮರೀನ್ ವಿಭಾಗದ ಮುಖ್ಯಸ್ಥ. ಹೊಸ ಪೈಲಟ್‌ಗಳನ್ನು ಪರೀಕ್ಷಿಸುವ ಸಮಿತಿಯಲ್ಲಿ ಕೂರುವವರೂ ಅವರೇ.